ಮುಂದಿನ ಸೀಟಿನ ಪೇಷೆಂಟು

ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುವಾಗ ಅಪ್ಪನಿಗೆ ಎದೆನೋವು ಬಂತು. ಎದೆ ಹಿಡಿದುಕೊಂಡು ಕೊಟ್ಟಿಗೆ ಮುಂದೆ ಕೂತುಬಿಟ್ಟ. ಮೈಯೆಲ್ಲ ಬೆವರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ.

ನಮ್ಮೂರು ಚಿನಕುರಳಿ ಪಕ್ಕ. ಪಾಂಡವಪುರದ ಗಾಡಿ ಬರಬೇಕು. ಆದರೆ ಕೆ.ಆರ್.ಪೇಟೆಯ ಗಾಡಿ ಯಾರನ್ನೋ ಬಿಡಲು ಮೈಸೂರಿಗೆ ಹೋಗಿದೆಯಂತೆ. ಅದಕ್ಕೆ ಪಾಂಡವಪುರದ್ದು ಕೆ.ಆರ್.ಪೇಟೆಗೆ ಹೋಗಿದೆಯಂತೆ. ಶ್ರೀರಂಗಪಟ್ಟಣದ್ದು ಬೆಳಗೊಳದಲ್ಲಿ ಹೆರಿಗೆ ಕೇಸಿಗೆ. ನಮಗೆ ಸಿಕ್ಕಿದ್ದು ನಾಗಮಂಗಲದ ಗಾಡಿ.

ಬಂದ ಡ್ರೈವರು, "ಈ ಕಡೆ ರೋಡು ನಂಗೊತ್ತಿಲ್ಲ. ಮ್ಯಾಪ್ ನೋಡ್ಕಂಡು ಬಂದ್ರೆ ಕಲ್ಲು ಕ್ವಾರಿ ಒಳಿಕ್ ಕರ್ಕಂಡೋಯ್ತು. ಯಾರಾರ ಮುಂದೆ ಕೂತ್ಕಳ್ರಪ್ಪಾ," ಅಂದ.

ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅಪ್ಪನೇ ಹೋಗಿ ಮುಂದೆ ಕೂತಿದ್ದ.

ಗಾಡಿಯ ನರ್ಸು, "ಯಜಮಾನ್ರೇ, ನೀವು ಇಂದ್ಗಡೆ ಸ್ಟ್ರೆಚರ್ ಮೇಲೆ ಮಲಗ್ಬೇಕು," ಅಂದ.

"ಮಲಗಿಸ್ಕಂಡೋದ್ರೆ ಊರೋರು ನನ್ ಕತೆ ಮುಗೀತು ಅಂತ ಬಾಯ್ ಬಡ್ಕತಾರೆ. ಕೂತ್ಕಂಡೇ ಬತ್ತೀನಿ. ಇಲ್ದಿದ್ರೆ ಗದ್ದೆಗೋಯ್ತೀನಿ."

"ರೋಡು ನಾ ತೋರುಸ್ತೀನಿ, ಇಳಿಯಪ್ಪಾ," ಅಂದೆ.

"ಬಾರಿನ್ ರೋಡ್ ಬುಟ್ರೆ ನಿಂಗ್ ಯಾವ್ ರೋಡ್ ಗೊತ್ಲಾ?"

ನರ್ಸು ಕಿಟಕಿಯಲ್ಲೇ ಬಿ.ಪಿ. ನೋಡಿ, ಮಾತ್ರೆ ನುಂಗಿಸಿ, ತಡವಾಗುತ್ತದೆಂದು ಗಾಡಿ ಹೊರಡಿಸಿದ.

ಹಿಂದೆ ನಾನು, ನರ್ಸು, ಮನೆಗೆ ಬಂದಿದ್ದ ಅಕ್ಕನ ಗಂಡ. ಭಾವನಿಗೆ ಮುಚ್ಚಿದ ಗಾಡಿ ಆಗುವುದಿಲ್ಲ. ಎರಡು ತಿರುವಿಗೆ ವಾಂತಿ ಶುರು. ನರ್ಸು ಅವರನ್ನೇ ಖಾಲಿ ಬಿದ್ದಿದ್ದ ಸ್ಟ್ರೆಚರ್ ಮೇಲೆ ಮಲಗಿಸಿದ.

ಮುಂದೆ ಅಪ್ಪ ಡ್ರೈವರಿಗೆ ಹೇಳುತ್ತಿದ್ದ: "ಎಡಕ್ಕೆ ತಗೋ. ಗುಂಡಿ ಐತೆ, ನಿಧಾನ. ಡೈರಿ ತಾವ ಸೈರನ್ ಆಕು."

ಡೈರಿ ಹತ್ತಿರ ಯಾರೋ ಕೂಗಿದರು. "ಯಾರ್ಗೇನಾಯ್ತಣ್ಣೋ?"

"ನಮ್ಮಳಿಯಂಗೆ ವಸಿ ಉಸಾರಿಲ್ಲ ಕಣಪ್ಪೋ!"

ಪಾಂಡವಪುರದ ಸರ್ಕಾರಿ ಆಸ್ಪತ್ರೆ ಮುಟ್ಟಿದೆವು. ನರ್ಸು ಅಪ್ಪನ ಹೆಸರು ಬರೆಸಲು ಒಳಗೆ ಓಡಿದ. ಅಪ್ಪ ಇಳಿದು ಗಾಡಿಯ ಹಿಂದೆ ನಿಂತು, "ಬಾ, ಬಾ, ಬಾ, ಓಲ್ಡಾನ್!" ಎಂದು ರಿವರ್ಸ್ ಹೇಳುತ್ತಿದ್ದ. ನಾನು ಅವನ ರಟ್ಟೆ ಹಿಡಿದು ಎಳೆಯುತ್ತಿದ್ದೆ. ಅಷ್ಟರಲ್ಲಿ ಆಸ್ಪತ್ರೆಯ ಇಬ್ಬರು ಬಾಗಿಲು ತೆಗೆದು, ಮಲಗಿದ್ದ ಭಾವನನ್ನು ತಳ್ಳಿಕೊಂಡು ಹೋದರು.

ನಾವು ಒಳಗೆ ಹೋದಾಗ ಭಾವನ ಅಂಗಿ ಬಿಚ್ಚಿ, ಎದೆಗೆ ವೈರು ಅಂಟಿಸಿ, ಇ.ಸಿ.ಜಿ. ತೆಗೆದು ಮುಗಿದಿತ್ತು. ಭಾವನದು ಬೋಳುತಲೆ, ಅಪ್ಪನಿಗಿಂತ ಮುದುಕರಂತೆ ಕಾಣುತ್ತಾರೆ. ಡಾಕ್ಟರ ಮುಂದೆ ಬಾಯಿ ಬಿಡುವವರೂ ಅಲ್ಲ. ವಾಂತಿಗೂ ಹೀಗೇ ನೋಡುತ್ತಾರೇನೋ ಎಂದು ಸುಮ್ಮನಿದ್ದರಂತೆ.

ಡಾಕ್ಟರಮ್ಮ ನಮ್ಮನ್ನು ನೋಡಿ, "ಪೇಷೆಂಟ್ ಕಡೆಯವರಾ? ಹಾರ್ಟ್ ಚೆನ್ನಾಗಿದೆ. ಗ್ಯಾಸ್ಟ್ರಿಕ್ ಇರಬೇಕು," ಅಂದರು.

"ಕೇಳುಸ್ಕಂಡೇನ್ಲಾ?" ಅಪ್ಪ ನನ್ನ ಬೆನ್ನಿಗೆ ಗುದ್ದಿದ. "ಏನೂ ಇಲ್ವಂತೆ. ನಡಿ, ಬಸ್ಸಿಗೋಗಮ."

"ಅದು ಭಾವನ ಎದೆ ಕಣಪ್ಪಾ!"

"ಚೀಟೀಲಿ ನನ್ನೆಸ್ರೈತೆ ಕಣ್ಲಾ."

ಡಾಕ್ಟರಮ್ಮನ ಮುಂದಿದ್ದ ಇ.ಸಿ.ಜಿ. ಚೀಟಿ ಎತ್ತಿ, ಮಡಚಿ ಜೇಬಿಗಿಟ್ಟು ಹೊರಟೇಬಿಟ್ಟ. ಮುಖದಿಂದ ನೀರಿಳಿದಂತೆ ಬೆವರು ಇಳಿಯುತ್ತಿತ್ತು. ನಾನು ಅಂಗಿ ಹಿಡಿದು ಜಗ್ಗಿದೆ. ಜೇಬು ಹರಿದು ಕೈಗೆ ಬಂತು.

"ಮೇಡಂ, ಎದೆನೋವು ಈವಯ್ಯಂದು! ಅಲ್ ಮಲಗಿರೋರ್ದು ಬರೀ ವಾಂತಿ!"

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. ನನ್ನನ್ನು ಬೈಯಲು ಬಾಯಿ ತೆಗೆದರು. ಅಷ್ಟರಲ್ಲಿ ಭಾವ ಎದೆಯ ವೈರುಗಳ ಸಮೇತ ಎದ್ದು ಕೂತು, ಸ್ಟ್ರೆಚರ್ ತಟ್ಟಿ, "ಬನ್ನಿ ಮಾವ, ಜಾಗ ಬೆಚ್ಚಗೈತೆ," ಅಂದರು.

ಅಪ್ಪ ನಕ್ಕ. ನಗುತ್ತಲೇ ಮೊಣಕಾಲು ಮಡಚಿಕೊಂಡು ಕುಸಿದ.

ಎತ್ತಿ ಮಲಗಿಸಿದೆವು. ಎರಡನೇ ಇ.ಸಿ.ಜಿ. ನೋಡಿದ ಡಾಕ್ಟರಮ್ಮ ಗ್ಯಾಸ್ಟ್ರಿಕ್ ಅನ್ನಲಿಲ್ಲ. ಇಂಜೆಕ್ಷನ್ ಕೊಟ್ಟು, ಅದೇ ಗಾಡಿಯಲ್ಲಿ ಮೈಸೂರಿಗೆ ಕಳಿಸಿದರು. ಈ ಸಲ ಅಪ್ಪ ಮಲಗಿದ್ದ, ಮೂಗಿಗೆ ಆಕ್ಸಿಜನ್. ಅವನ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಬೆರಳು ಅಲ್ಲಾಡಿದಾಗಲೆಲ್ಲ, ಇದ್ದಾನೆ ಅಂದುಕೊಂಡೆ.

ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಉಳಿದ. ನನ್ನನ್ನು ಒಳಗೆ ಬಿಟ್ಟಾಗ ಕಣ್ಣು ಬಿಟ್ಟು, "ಏನಾರ ತಿಂದೇನ್ಲಾ?" ಅಂದ. ಇಲ್ಲ ಅಂದೆ. ಬೈದ.