ಬೀರು ಸೇರಿದ ಫೋನು

ಮೊನ್ನೆ ಟಿವಿ ರಿಪೇರಿಗೆ ಬಂದವನು ಬೆಸುಗೆ ಹಾಕುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಣಸೂರು ಬಸ್ ಸ್ಟ್ಯಾಂಡ್ ಹಿಂದಿನ ಮೊಬೈಲ್ ರಿಪೇರಿ ಅಂಗಡಿ ನೆನಪಾಯಿತು. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಅದರಡಿ ಬಗ್ಗಿದ ಒಂದು ತಲೆ. ಊರವರೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಅಷ್ಟೆ.

ನನ್ನ ಫೋನನ್ನು ಆರು ವರ್ಷ ಬದುಕಿಸಿದವರು ಅವರೇ. ಎರಡು ಸಲ ಬ್ಯಾಟರಿ, ಒಂದು ಸಲ ಡಿಸ್‌ಪ್ಲೇ, ಚಾರ್ಜಿಂಗ್ ಪಿನ್ ಅದೆಷ್ಟು ಸಲವೋ. ಬಿಚ್ಚಿದಾಗಲೆಲ್ಲ ಹಿಂದಿನ ಮುಚ್ಚಳದ ಒಳಗೆ ಸಣ್ಣಗೆ ತಾರೀಕು ಬರೆಯುತ್ತಿದ್ದರು. ಮುಂದೆ ಬಿಚ್ಚುವವರಿಗೆ ಗೊತ್ತಾಗಲಿ ಎಂದು. ನೀವೇನು ಡಾಕ್ಟರಾ ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಅದು ತಮಾಷೆಯಾಗಿರಲಿಲ್ಲ...

ಒಂದು ದಿನ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಫೋನು ಹಳೆಯದಾಯಿತು, ಇದರಲ್ಲಿ ಇನ್ನು ನಡೆಯದು ಎಂದಿತು. ಕಂಪನಿಯವರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರಂತೆ. ಭಾಯ್ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಮಿಷಿನ್ ಕಲ್ಲುಗುಂಡಿನಂಗೈತೆ ಮೇಷ್ಟ್ರೆ. ಕಂಪ್ನಿಯೋರು ಕೈಬುಟ್ರು ಅಂತ ನಾವೂ ಬುಟ್ಬುಡದಾ? ಒಂದ್ ವಾರ ಟೈಮ್ ಕೊಡಿ, ಏನಾದ್ರೂ ದಾರಿ ನೋಡ್ತೀನಿ.”

ಹೂಂ ಎಂದು ಫೋನು ಜೇಬಿಗೆ ಹಾಕಿಕೊಂಡು ಬಂದೆ. ವಾರ ಕಾಯುವ ತಾಳ್ಮೆ ನನಗೆಲ್ಲಿ? ಭಾನುವಾರವೇ ಮೈಸೂರಿಗೆ ಹೋಗಿ ಹೊಸದು ತಂದೆ. ಹಳೆಯದು ಬೀರು ಸೇರಿತು. ಕೆಲವೇ ದಿನಕ್ಕೆ ಭಾಯ್ ರಸ್ತೆಯಲ್ಲೇ ನನ್ನನ್ನು ತಡೆದು, ಅದಕ್ಕೆ ಬೇರೆ ಸಾಫ್ಟ್‌ವೇರ್ ಹಾಕುವವರು ಪಿರಿಯಾಪಟ್ಟಣದಲ್ಲಿ ಸಿಕ್ಕಿದ್ದಾರೆ, ಫೋನು ಕೊಡಿ, ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದರು. ಅದಕ್ಕಾಗಿ ಎಲ್ಲೆಲ್ಲಿ ಅಲೆದಿದ್ದರೋ. ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಕಳೆದುಹೋಯಿತು ಎಂದುಬಿಟ್ಟೆ. ಸುಳ್ಳು ಹೇಳಬೇಡಿ ಎಂದು ದಿನಾ ಮಕ್ಕಳಿಗೆ ಪಾಠ ಮಾಡುವ ಬಾಯಿ ನನ್ನದು.

ಅವರ ಮುಖ ಬಾಡಿಹೋಯಿತು. ಯಾವ ಬಸ್ಸು, ಯಾವ ಸೀಟು ಎಂದೆಲ್ಲ ಕೇಳಿಕೊಂಡರು. ಆಮೇಲೆ ನಾನು ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ...

ಹೋದ ವರ್ಷ ಭಾಯ್ ತೀರಿಕೊಂಡ ಸುದ್ದಿ ತಡವಾಗಿ ಕಿವಿಗೆ ಬಿತ್ತು. ಹೋದಾಗ ಅವರ ಅಣ್ಣ ಅಂಗಡಿ ಖಾಲಿ ಮಾಡಿಸುತ್ತಿದ್ದರು. ಹಿಂದೆ ಅಂಗಡಿಯಲ್ಲಿ ನೋಡಿದ್ದ ನನ್ನ ಗುರುತು ಹತ್ತಿ, ಫೋನು ಕಳೆದುಕೊಂಡ ಮೇಷ್ಟ್ರು ನೀವೇ ಅಲ್ಲವಾ ಎಂದರು.

“ನಿಮ್ ಫೋನಿನ ಮಾಡೆಲ್ ಯಾರು ತಂದ್ರೂ ಮೊದ್ಲು ಮುಚ್ಚಳದೊಳಗೆ ತಾರೀಕು ಐತಾ ಅಂತ ನೋಡೋನು. ಮೇಷ್ಟ್ರುದು ಇವತ್ತಲ್ಲ ನಾಳೆ ಸಿಕ್ತದೆ ಅನ್ನೋನು. ಸಿಕ್ತಾ ಸಾರ್?”

ಇಲ್ಲ ಎಂದೆ. ಆಗಲೂ ನಿಜ ಹೇಳಲು ಬಾಯಿ ಬರಲಿಲ್ಲ.

ಇವತ್ತು ಆ ಫೋನು ತೆಗೆದು ಚಾರ್ಜಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಭಾಯ್, ನೀವು ಹುಡುಕುತ್ತಿದ್ದ ಫೋನು ಸಿಕ್ಕಿತು ಎಂದು ಹೇಳಲು ಈಗ ಅವರಿಲ್ಲ.