ಡಬ್ಬಿಯ ಮೇಲಿನದಲ್ಲ, ಒಳಗಿನದು

ನನ್ನ ಅಡುಗೆಮನೆಯಲ್ಲಿ ಜೀರಿಗೆ ಎಂದು ಬರೆದ ಡಬ್ಬಿಯಲ್ಲಿ ಸಾಸಿವೆ ಇರುತ್ತದೆ. ಸಾಸಿವೆ ಡಬ್ಬಿಯಲ್ಲಿ ಏನಿದೆಯೆಂದು ಮೂಸಿಯೇ ಹೇಳಬೇಕು. ಈಚೆಗೆ ಫೋನಿನಲ್ಲಿ ಟೈಪು ಮಾಡಲು ಕಲಿತಿದ್ದೇನೆ, ಕೋಳಿ ಕಾಳು ಹೆಕ್ಕಿದಂತೆ ಒಂದೇ ಬೆರಳಿನಲ್ಲಿ. ಅದಕ್ಕೇ ಈ ಗುಟ್ಟು ನಿಮಗೆ. ಸೊಸೆಗೆ ಹೇಳಬೇಡಿ.

ಮೇಲಿನ ಬರಹ ನಂಬಬಾರದೆಂದು ಕಂಪ್ಯೂಟರೂ ಹೇಳುತ್ತದೆ. ಎರಡು ಸಾವಿರ ಇಸವಿಯ ಈಚಿನ ಮಾತು. ಸೊಸೆ ಗಂಗಾ ಬೈಲಹೊಂಗಲದ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದಳು. ಮರುದಿನ ಮೊದಲ ತಂಡದ ಹುಡುಗಿಯರಿಗೆ ಪರೀಕ್ಷೆ. ಆದರೆ ಪರೀಕ್ಷೆಯ ಪ್ರೋಗ್ರಾಮು ಡೇಟಾಬೇಸಿಗೆ ಹೊಂದದೆ ಮುನಿಸಿಕೊಂಡು ಕೂತಿತ್ತು. ಗಂಗಾ ಸವದತ್ತಿಗೆ ಹೋಗಿದ್ದಳು. ಕ್ಲಾಸಿನ ಕಾವಲಿಗೆ ನಾನು, ಬಾಗಿಲಲ್ಲಿ ಪೇಪರು ಹಿಡಿದು ನಮ್ಮ ಯಜಮಾನರು.

ಕಿತ್ತೂರಿನಿಂದ ರಿಪೇರಿಯ ಇರ್ಫಾನನ ಫೋನು. ಸರಿಯಾದ ಸಿ.ಡಿ. ಹಿಡಿದು ಅವನು ಬಸ್ಸು ಹತ್ತಬೇಕು.

“ಅಜ್ಜಿ, ಡೇಟಾಬೇಸಿಂದು ಯಾವ ವರ್ಶನ್ ಐತಿ ನೋಡ್ರಿ.”

ಸಿ.ಡಿ. ಡಬ್ಬಿ ನೋಡಿ, “ಐದು” ಎಂದೆ.

“ಡಬ್ಬಿ ಮ್ಯಾಲಿಂದು ಬ್ಯಾಡ್ರಿ, ಒಳಗ ಹಾಕಿದ್ದು ಬ್ಯಾರೆ ಇರಬಹುದು. ಪಾಸ್‌ವರ್ಡ್ ಹೊಡದ್ರ ಅದ ತೋರಸ್ತೈತಿ. ಮಾವನ ಹೆಸರ ಇಟ್ಟೇನಿ ಅಂತ ಗಂಗಕ್ಕ ಅಂದ್ಲು, ಹೆಸರ ಮಾತ್ರ ಹೇಳವಲ್ಲಳು! ನೀವರ ಹೇಳ್ರಿ, ಇಂಗ್ಲಿಷ್ ಅಕ್ಷರ ನಾ ಹೇಳತೇನಿ.”

ಮದುವೆಯ ದಿನ ಪ್ರಾಸದಲ್ಲಿ ಹೆಸರು ಪೋಣಿಸಿ ಒಡಪು ಹಾಕಿ ಹೇಳಿದ್ದೇ ಕೊನೆ, ಆಮೇಲೆ ಗಂಡನ ಹೆಸರು ನನ್ನ ಬಾಯಿಂದ ಹೊರಟಿರಲಿಲ್ಲ. ಫೋನನ್ನು ಅವರತ್ತ ಚಾಚಿದೆ.

“ನಿನ್ನ ಕೇಳ್ಯಾನ, ನೀನ ಹೇಳು,” ಎಂದಿತು ಪೇಪರು.

“ಬಸ್ ಹೊಂಟೈತ್ರಿ ಅಜ್ಜಿ!”

ಸೊಸೆಯ ಮುಖ ನೆನೆದು, ಅಲ್ಲೇ ಒಂದು ಒಡಪು ಕಟ್ಟಿ ಎಸೆದೆ:

“ಬೈಲಹೊಂಗಲದ ಹತ್ತಿ ಬೆಳ್ಳಗಿರತೈತಪ್ಪ,
ನಮ್ಮ ಮನಿಯವರ ಹೆಸರು ಗುರುಬಸಪ್ಪ!”

“ವ್ಹಾ ಅಜ್ಜಿ!” ಎಂದ ಇರ್ಫಾನ. ಅವನು ಹೇಳಿದಂತೆ ಅಕ್ಷರ ಹುಡುಕಿ ಒತ್ತಿದೆ. ಒಂದೊಂದು ಅಕ್ಷರಕ್ಕೂ ಪರದೆಯ ಮೇಲೆ ಒಂದೊಂದು ನಕ್ಷತ್ರ. ಗಂಡನ ಹೆಸರು ಮುಚ್ಚಿಡುವ ಮರ್ಯಾದೆ ಆ ಯಂತ್ರಕ್ಕೂ ಇತ್ತಲ್ಲ! ಆಮೇಲೆ ತಾನೇ ಹೇಳಿತು: ನಾಲ್ಕು, ಚುಕ್ಕಿ, ಒಂದು. ಐದಲ್ಲವೇ ಅಲ್ಲ. ಇರ್ಫಾನ ಅದಕ್ಕೆ ಹೊಂದುವ ಸಿ.ಡಿ. ತಂದ, ಪರೀಕ್ಷೆ ನಡೆಯಿತು.

ಅಂದು ಫೋನಿಟ್ಟು ತಿರುಗಿದರೆ ಯಜಮಾನರು ಪೇಪರು ಮಡಚಿದ್ದರು.

“ಇನ್ನೊಮ್ಮೆ ಹೇಳು. ರಸ್ತೆದಾಗ ಗದ್ದಲ, ಸರಿ ಕೇಳಲಿಲ್ಲ.”

ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಇಷ್ಟು ವರ್ಷ ಈ ಡಬ್ಬಿಯ ಮೇಲೆ ನಾನು ಓದಿದ್ದು ಬರೀ ‘ಸಿಡುಕು’!

ಈಗ ನನ್ನ ಫೋನಿಗೂ ಅದೇ ಪಾಸ್‌ವರ್ಡು. ಅಯ್ಯೋ, ನಿಮಗೆ ಹೇಳಿಬಿಟ್ಟೆನಲ್ಲ! ಬದಲಿಸೋಣವೆಂದರೆ ಈ ಬೆರಳಿಗೆ ಬೇರೆ ಹೆಸರು ಬರುವುದಿಲ್ಲ.