ಖಂಡೆ ಪೂಜೆಗೆ ಕುಳಿತ ಕಾರು

ಭಾಲ್ಕಿಯ ಗಂಜ್ ಮಾರುಕಟ್ಟೆಯ ಹಿಂದಿನ ನಮ್ಮ ಓಣಿಯಲ್ಲಿ ಹಾವಗೆಪ್ಪ ಎಂಬ ಮಹಾವೀರರಿದ್ದಾರೆ. ಹೊಟ್ಟೆಪಾಡಿಗೆ ಹಗ್ಗ, ಮೂಗುದಾರ, ಬಾರುಕೋಲು ಮಾರುತ್ತಾರೆ. ಯುದ್ಧ ಮಾಡುವುದು ಮನೆಯಂಗಳದ ಬೇವಿನ ಮರದ ಕೆಳಗೆ. ಶತ್ರು ಒಂದೇ: ಬೀದರದ ಡಾಕ್ಟರೊಬ್ಬರು ಊರು ಬಿಡುವಾಗ ಮಾರಿ ಹೋದ, ಮೂವತ್ತು ವರ್ಷ ಹಳೆಯ ಬಿಳಿ ಕಾರು. ಕಾರು ಕೆಟ್ಟರೆ ಬೇರೆಯವರು ಗ್ಯಾರೇಜಿನ ದಾರಿ ಹಿಡಿಯುತ್ತಾರೆ. ಹಾವಗೆಪ್ಪನವರು ಅಂಗಿಯ ತೋಳು ಮಡಚಿ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಾರೆ.

ಈ ವಿದ್ಯೆಗೆ ಅವರಿಗೆ ಗುರುವಿಲ್ಲ. ಕಾರೇ ಬಡಿದು ಬಡಿದು ಕಲಿಸಿತು. ಕೈಯಿಂದ ಜಾರಿದ ನಟ್ಟು ಬಿದ್ದ ಜಾಗದಲ್ಲಿ ಎಂದೂ ಸಿಗುವುದಿಲ್ಲ ಎಂಬುದು ಮೊದಲ ಪಾಠ. ಎಲ್ಲ ಜೋಡಿಸಿದ ಮೇಲೆ ನೆಲದಲ್ಲಿ ಉಳಿದ ಸಾಮಾನು ‘ಹೆಚ್ಚಿನದು’ ಅಲ್ಲ ಎಂಬುದನ್ನು ಅವರು ಬ್ರೇಕಿನಿಂದ ಕಲಿತರು. ಆ ಪಾಠದ ಗುರುತು ಎದುರುಮನೆಯ ಶಾಲುಬಾಯಿಯ ಕಟ್ಟೆಯಲ್ಲಿ ಇವತ್ತಿಗೂ ಇದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದಂದಿನಿಂದ ಅವರ ಎಡಹುಬ್ಬು ಅರ್ಧವೇ ಉಳಿದಿದೆ. ಆದರೂ ಪ್ರತಿ ಸೋಲಿನ ಮರುದಿನ ಬೆಳಿಗ್ಗೆ ಆ ಅರ್ಧ ಹುಬ್ಬು ಮತ್ತೆ ಬಾನೆಟ್ಟಿನೊಳಗೆ ಇಳಿದಿರುತ್ತಿತ್ತು.

ಇಂಥ ವೀರನಿಗೂ ಒಂದು ಮಾಯದ ಗಾಯವಿತ್ತು. ಹೆಂಡತಿ ಕಸ್ತೂರಿಬಾಯಿಯ ತವರು ಔರಾದ. ಕೆಲವು ವರ್ಷಗಳ ಹಿಂದೆ ಅಲ್ಲಿ ದಸರೆಯ ಊಟ ನಡೆದಾಗ, ಬಾಗಿಲಲ್ಲೇ ಕಾರು ಕಪ್ಪು ಹೊಗೆ ಉಗುಳಿ ಸತ್ತಿತ್ತು. ಕಸ್ತೂರಿಬಾಯಿಯ ಅಣ್ಣ ಘಾಳೆಪ್ಪ ಊರಿನ ದೊಡ್ಡ ಕುಳ, ಅದಕ್ಕಿಂತ ದೊಡ್ಡ ಬಾಯಿ. ಪಂಕ್ತಿಯ ಮಧ್ಯೆ ನಿಂತು, ಇದನ್ನು ಎತ್ತಿಗೆ ಕಟ್ಟಿ ಒಯ್ಯಿರಿ, ಹಗ್ಗವಂತೂ ನಿಮ್ಮದೇ ಇದೆ ಎಂದುಬಿಟ್ಟ. ಪಂಕ್ತಿಯೆಲ್ಲ ನಕ್ಕಿತು. ಕಸ್ತೂರಿಬಾಯಿ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದರು. ಮತ್ತೆ ಈ ಹೊಸ್ತಿಲಿಗೆ ಬಂದರೆ ಇದೇ ಕಾರಿನಲ್ಲಿ, ಇಲ್ಲವಾದರೆ ಇಲ್ಲ ಎಂದು ಹೇಳಿ ಬಸ್ಸು ಹತ್ತಿದರು. ಅಂದಿನಿಂದ ಅಣ್ಣ ತಂಗಿ, ದಸರೆಗೆ ಬಂಗಾರವೆಂದು ಹಂಚುವ ಬನ್ನಿ ಎಲೆ ಕೊಟ್ಟುಕೊಂಡಿರಲಿಲ್ಲ.

ಈ ವರ್ಷ ಘಾಳೆಪ್ಪನೇ ಹೇಳಿಕಳಿಸಿದ: ದಸರೆಗೆ ತಂಗಿ ಬರಲಿ. ಅವನು ಎರಡನೆಯ ಸಲ ಕರೆಯುವ ಪೈಕಿ ಅಲ್ಲ. ಕಸ್ತೂರಿಬಾಯಿ ಕೊಟ್ಟ ಮಾತು ಮುರಿಯುವ ಪೈಕಿಯೂ ಅಲ್ಲ. ಹೀಗೆ ಒಂದು ತವರು ಪೂರ್ತಿಯಾಗಿ ಆ ಕಾರಿನ ಮೇಲೆ ಬಂದು ಕೂತಿತು. ಕಾರಾದರೋ ಓಣಿಯ ತಿರುವು ದಾಟುವುದರೊಳಗೆ ಉಸಿರುಗಟ್ಟಿ ನಿಲ್ಲುತ್ತಿತ್ತು.

ಹಾವಗೆಪ್ಪನವರು ಕಾರ್ಬೊರೇಟರ್ ಬಿಚ್ಚಿದರು. ಎಂಜಿನ್ನಿಗೆ ಪೆಟ್ರೋಲನ್ನು ಹದವಾಗಿ ಉಣ್ಣಿಸುವ ಅಂಗ ಅದು. ಅದರ ಚೂರುಚಾರನ್ನೆಲ್ಲ ಬಿಚ್ಚಿದ ಕ್ರಮದಲ್ಲಿ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಸಾಲು ತಪ್ಪಿದರೆ ಜೋಡಣೆಯ ಕಥೆ ಮುಗಿದಂತೆ, ಇದೂ ಕಾರೇ ಕಲಿಸಿದ ಪಾಠ. ಆಮೇಲೆ ಒಂದು ವಾಷರಿಗಾಗಿ ಬೀದರಕ್ಕೆ ಹೋದರು.

ತಿರುಗಿ ಬಂದಾಗ ಹಲಗೆ ಬರಿದಾಗಿತ್ತು. ಅಂದು ಖಂಡೆ ಪೂಜೆ. ಕುಡುಗೋಲು, ಕತ್ತರಿ, ಈಳಿಗೆ ಎಲ್ಲ ತೊಳೆದು ದೇವರ ಮುಂದೆ ಇಡುವ ದಿನ. ತಮ್ಮ ಪಾನಾಗಳಿಗೆ ಮಾತ್ರ ಈ ಮನೆಯಲ್ಲಿ ಪೂಜೆಯಿಲ್ಲ ಎಂದು ಹಾವಗೆಪ್ಪನವರು ವರ್ಷವರ್ಷ ಗೊಣಗುತ್ತಿದ್ದರು. ಗಂಡನ ಆಸೆ ಈ ಸಲವಾದರೂ ತೀರಲಿ ಎಂದು ಕಸ್ತೂರಿಬಾಯಿ ಪಾನಾಗಳ ಜೊತೆ ಹಲಗೆಯ ಮೇಲಿದ್ದುದನ್ನೂ ಬಳಿದುಕೊಂಡು ಹೋಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಚಿಕ್ಕದರಿಂದ ದೊಡ್ಡದಕ್ಕೆ ಅಂದವಾಗಿ ಜೋಡಿಸಿ, ಒಂದೊಂದು ಸ್ಕ್ರೂಗೂ ವಿಭೂತಿ ಎಳೆದು ಚೆಂಡುಹೂ ಏರಿಸಿದ್ದರು.

ಹಾವಗೆಪ್ಪನವರ ಕೈ ತಾನಾಗಿ ಮುಂದೆ ಹೋಯಿತು.

“ಮುಟ್ಟಬ್ಯಾಡ್ರಿ,” ಎಂದರು ಕಸ್ತೂರಿಬಾಯಿ. “ಪೂಜಿಗಿ ಕೂತದ. ನಾಳಿ ಮುಂಜಾನಿ ಮರುಪೂಜಿ ಆದಮ್ಯಾಲೆ ಎತ್ರಿ.”

ಖಂಡೆ ಪೂಜೆಗೆ ಇಟ್ಟ ಆಯುಧವನ್ನು ಅಂದು ಎತ್ತುವಂತಿಲ್ಲ. ಇಷ್ಟು ಪ್ರೀತಿಯಿಂದ ತಿಕ್ಕಿದವರನ್ನು ಬೈಯುವಂತೆಯೂ ಇಲ್ಲ. ಹಾವಗೆಪ್ಪನವರು ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಆಗ ನಮ್ಮ ಓಣಿ ಕಂಡದ್ದು ಒಂದು ತಪಸ್ಸು. ಜೀವಮಾನದಲ್ಲಿ ಮೊದಲ ಸಲ ಅವರು ಕಾರಿನ ಸಾಮಾನನ್ನು ಕೈಯಿಲ್ಲದೆ, ಬರೀ ಕಣ್ಣಿನಿಂದ ನೋಡುತ್ತಿದ್ದರು. ಈವರೆಗೆ ಮೊದಲು ಬಿಚ್ಚಿ ಆಮೇಲೆ ಯೋಚಿಸುತ್ತಿದ್ದ ಮನುಷ್ಯ! ಜಿಡ್ಡು ಹೋಗಿ ಹಿತ್ತಾಳೆ ಹಿತ್ತಾಳೆಯಾಗಿ, ಉಕ್ಕು ಉಕ್ಕಾಗಿ ಹೊಳೆಯುತ್ತಿತ್ತು. ಯಾವುದರ ಹಲ್ಲು ಯಾವುದರ ತೂತಿಗೆ ಎಂದು ಅವರ ತುಟಿ ಜಪಿಸುತ್ತಿತ್ತು. ದರ್ಶನಕ್ಕೆ ಬಂದವರು ದೇವರಿಗೆ ಒಮ್ಮೆ, ಅವರಿಗೆ ಒಮ್ಮೆ ಕೈಮುಗಿದು ಹೋದರು.

ಸಂಜೆ ದೀಪಕ್ಕೆ ಎಣ್ಣೆ ಹಾಕುತ್ತ ಕಸ್ತೂರಿಬಾಯಿ ಸುಮ್ಮನೆ ಮಾತು ತೆಗೆದರು.

“ಆ ಹಿತ್ತಾಳಿ ಡಬ್ಬಿ ನೋಡ್ರಿ, ತೊಳಿಯೂ ಮುಂದ ಗುಳುಗುಳು ಅಂದು ಬಕೀಟಿನ ತಳಾ ಸೇರ್ತು. ಹುಡುಕೂದ್ರಾಗ ಸಾಕಾಯ್ತು.”

ಹಾವಗೆಪ್ಪನವರ ಜಪ ನಿಂತಿತು. “ಮುಳಗ್ತು?”

“ಮುಳಗ್ತು ಅಂದ್ನೆಲ್ರಿ. ಪೊಳ್ಳ ಡಬ್ಬಿ, ಹ್ಯಾಂಗ ಮುಳಗ್ತೋ.”

ಆ ಡಬ್ಬಿಯ ಕೆಲಸವೇ ತೇಲುವುದು. ಪೆಟ್ರೋಲು ತುಂಬಿದಂತೆ ಅದು ಮೇಲೇಳಬೇಕು, ಎದ್ದು, ಪೆಟ್ರೋಲು ಒಳಬರುವ ದಾರಿಯನ್ನು ಮುಚ್ಚಬೇಕು. ಎಲ್ಲೋ ಸೂಜಿಮೊನೆಯಷ್ಟು ತೂತಾಗಿ ಅದು ವರ್ಷಗಳಿಂದ ಒಳಗೇ ಮುಳುಗಿ ಕೂತಿತ್ತು. ದಾರಿ ಮುಚ್ಚದೆ ಎಂಜಿನ್ನಿನ ಗಂಟಲಿಗೆ ಪೆಟ್ರೋಲು ನುಗ್ಗುತ್ತಿತ್ತು. ಪಂಕ್ತಿಯ ನಗು, ಅರ್ಧ ಹೋಳಿಗೆ, ಅಷ್ಟು ವರ್ಷಗಳ ಮೌನ, ಎಲ್ಲವೂ ಆ ಒಂದು ತೂತಿನಿಂದ ಸೋರಿತ್ತು. ಹಾವಗೆಪ್ಪನವರು ಹೆಂಡತಿಯ ಮುಖ ನೋಡಿದ ರೀತಿಯನ್ನು ನಾನು ಬರೆಯಲಾರೆ. ದೇವರನ್ನೂ ಅವರು ಹಾಗೆ ನೋಡಿದ್ದು ಕಂಡಿಲ್ಲ.

ಮರುದಿನ ಮರುಪೂಜೆ ಮುಗಿದದ್ದೇ ತಡ, ಡಬ್ಬಿಯನ್ನು ಬಿಸಿನೀರಿನಲ್ಲಿ ಅದ್ದಿದರು. ಒಂದು ಮೂಲೆಯಿಂದ ಗುಳ್ಳೆಗಳ ಸಣ್ಣ ಮುತ್ತಿನಸರ ಎದ್ದಿತು. ಒಳಗಿನದನ್ನೆಲ್ಲ ಹೊರಹಾಕಿ, ಚೆನ್ನಾಗಿ ಆರಿಸಿ, ಪಾತ್ರೆಗಳಿಗೆ ಕಲಾಯಿ ಹಾಕುವ ಅಬ್ದುಲ ಸಮದರಿಂದ ತಂದ ಚೂರು ತವರವನ್ನು ಕರಗಿಸಿ ಒಂದು ಹನಿ ಇಟ್ಟರು. ಆಮೇಲೆ ಬಕೀಟು ಅಂಗಳದ ನಡುವೆ ಬಂತು. ಓಣಿಯೆಲ್ಲ ಸುತ್ತ ನೆರೆಯಿತು. ಹಾವಗೆಪ್ಪನವರು ಡಬ್ಬಿಯನ್ನು ನೀರಿನ ಮೇಲೆ ಬಿಟ್ಟು ಕಣ್ಣು ಮುಚ್ಚಿಕೊಂಡರು.

ಅದು ತೇಲಿತು. ತಾವರೆಯ ಮೊಗ್ಗಿನಂತೆ, ತುಸು ಓಲಾಡುತ್ತ ತೇಲಿತು. ಶಾಲುಬಾಯಿ ಸೆರಗು ಸರಿಮಾಡಿಕೊಂಡು ಬಕೀಟಿಗೆ ಕೈಮುಗಿದರು.

ಜೋಡಣೆ ಮುಗಿದಾಗ ನೆಲದ ಮೇಲೆ ಏನೂ ಉಳಿದಿರಲಿಲ್ಲ. ಹಿಂದೆಂದೂ ಹೀಗಾಗದ್ದರಿಂದ ಹಾವಗೆಪ್ಪನವರು ಗಾಬರಿಯಾಗಿ ಎರಡು ಸಲ ಹುಡುಕಿದರಂತೆ. ಕೀಲಿ ತಿರುಗಿಸಿದೊಡನೆ ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಕಸ್ತೂರಿಬಾಯಿ ಇಳಕಲ್ ಸೀರೆಯುಟ್ಟು, ಮಡಿಲಲ್ಲಿ ಬನ್ನಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು.

ಮುಂದಿನದನ್ನು ತಿರುಗಿ ಬಂದ ಮೇಲೆ ಗಂಡ ಹೆಂಡತಿಯೇ ಓಣಿಗೆಲ್ಲ ಹೇಳಿದರು. ಬೀದರ ದಾಟಿತು, ಜನವಾಡೆಯ ಸೇತುವೆ ದಾಟಿತು, ಸಂತಪುರವೂ ಹಿಂದೆ ಬಿತ್ತು. ನೀರು ಕುಡಿಯಲಿಕ್ಕೂ ಹಾವಗೆಪ್ಪನವರು ಎಂಜಿನ್ನು ಆರಿಸಲಿಲ್ಲ. ಗೆದ್ದ ಕುದುರೆಯನ್ನು ನಡುದಾರಿಯಲ್ಲಿ ಪರೀಕ್ಷಿಸಬಾರದು. ಹೊತ್ತು ಮುಳುಗುವ ಮುಂಚೆ ಕಾರು ಔರಾದದ ಆ ಮನೆಯ ಮುಂದೆ ಗುರುಗುಡುತ್ತ ನಿಂತಿತು. ಕಸ್ತೂರಿಬಾಯಿ ಇಳಿಯಲಿಲ್ಲ. ಮಡಿಲಿನ ಬನ್ನಿ ನೋಡುತ್ತ ಕೂತೇ ಇದ್ದರಂತೆ.

ಹಿರಿಯರು ಹೊಸ್ತಿಲಲ್ಲಿ ನಿಂತಿರಬೇಕು, ಕಿರಿಯರು ಹೋಗಿ ಬನ್ನಿ ಕೊಡಬೇಕು, ಪದ್ಧತಿ ಅದು. ಘಾಳೆಪ್ಪ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಅಷ್ಟು ದೊಡ್ಡ ಮನುಷ್ಯ ಬರಿಗಾಲಲ್ಲಿ ರಸ್ತೆಗಿಳಿದು ಬಂದು, ಹಿಂದಿನ ಬಾಗಿಲು ತೆರೆದು, ಮೈ ಮುದುಡಿಕೊಂಡು ಒಳಗೆ ಕುಳಿತ.

“ಊಟ ಅರ್ಧಕ್ಕ ಬಿಟ್ಟು ಹೋದಿ ನೋಡವಾ,” ಎಂದ. “ನನಗ ಇಷ್ಟ ವರ್ಷ ದಸರಿ ಊಟ ಇಳೀಲಿಲ್ಲ.”

ಕಸ್ತೂರಿಬಾಯಿ ಸೀಟಿನಲ್ಲೇ ತಿರುಗಿ ಅವನ ಅಂಗೈಗೆ ಬನ್ನಿ ಇಟ್ಟರು. ಪಾದ ಸಿಗದೆ ಮೊಣಕಾಲು ಮುಟ್ಟಿದರು. “ಬಂಗಾರದಂಗ ಇರೋಣ, ಅಣ್ಣಾ.”

ಘಾಳೆಪ್ಪ ಮುಖ ಆಚೆ ತಿರುಗಿಸಿ, “ಒಂದ ಸುತ್ತ ಹೊಡೀರಿ ಭಾವಾ,” ಎಂದ.

ಹಾವಗೆಪ್ಪನವರು ಒಂದು ಸುತ್ತು ಹೊಡೆದು ಮನೆಯ ಮುಂದೆ ಬಂದರು. ಕನ್ನಡಿಯಲ್ಲಿ ನೋಡಿದರೆ ಘಾಳೆಪ್ಪ ಮುಂದಕ್ಕೆ ಬಾಗಿ ಏನೋ ಹೇಳುತ್ತಿದ್ದ, ತಮ್ಮ ಪಕ್ಕದ ಸೀಟಿನಲ್ಲಿ ಕಸ್ತೂರಿಬಾಯಿ ಸೆರಗಿನಿಂದ ಕಣ್ಣೊರೆಸುತ್ತ ನಗುತ್ತಿದ್ದರು. ಬ್ರೇಕಿನ ಮೇಲಿಟ್ಟ ಕಾಲನ್ನು ಹಾವಗೆಪ್ಪನವರು ಮೆಲ್ಲಗೆ ತೆಗೆದರು. ಔರಾದದ ಜನ ಬನ್ನಿ ಹಿಡಿದು ಬೀದಿಗಿಳಿದಿದ್ದರು. ಅವರ ನಡುವೆ ಆ ಬಿಳಿ ಕಾರು ಮನೆಯ ಮುಂದೆ ನಿಲ್ಲದೆ ಮತ್ತೊಂದು ಸುತ್ತಿಗೆ ಹೊರಟಿತು.